ಕಬ್ಬಿನ ಸೀಮೆಯ ಹಕ್ಕಿ ಲೆಕ್ಕ

ಆತ್ಮೀಯ ಗೆಳೆಯರೇ,

ನಿಮ್ಮ ಪತ್ರ ತಲುಪಿತು. ಕೋಕೋ ತೋಟಗಳಲ್ಲಿ ಹಕ್ಕಿಗಳ ಸಮೀಕ್ಷೆ ಹೇಗೆ ಮಾಡುತ್ತಾರೆಂದು ನಾನು ಬರೆದದ್ದನ್ನು ಓದಿ ನೀವು ಕೇಳಿದ್ದೀರಿ: "ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಎತ್ತ ನೋಡಿದ್ರೂ ಕಬ್ಬು. ಕಾಡಿಲ್ಲ, ಕೋಕೋ ಇಲ್ಲ. ಇಲ್ಲಿ ಎಣಿಸಾಕ ಏನೈತ್ರಿ?" ಇದು ಒಂದು ಸಾಲಿನಲ್ಲಿ ಉತ್ತರಿಸಿ ಮುಗಿಸುವಂಥ ಪ್ರಶ್ನೆಯಲ್ಲ. ನಿಮ್ಮಲ್ಲಿ ಎಣಿಸಬೇಕಾದದ್ದು ಬಹಳ ಇದೆ, ಮತ್ತು ಅದನ್ನು ಎಣಿಸುವವರು ಬಹಳ ಕಡಿಮೆ ಇದ್ದಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಕೋಕೋ ಮಾತು ಮುಗಿಸಿಬಿಡುತ್ತೇನೆ. ಕೋಕೋ ನೆರಳು ಬಯಸುವ ಗಿಡ. ನಮ್ಮಲ್ಲಿ ಅದು ಪುತ್ತೂರು, ಸುಳ್ಯದ ಕಡೆ ಅಡಿಕೆ ಮರಗಳ ಸಾಲಿನ ನಡುವೆ ಬೆಳೆಯುತ್ತದೆ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಅಡಿಕೆಯ ಜೊತೆಗೆ ಕೋಕೋವನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಇಂಥ ತೋಟದಲ್ಲಿ ಮೇಲೊಂದು ಸೂರು, ಕೆಳಗೊಂದು ಸೂರು, ನೆಲದ ಮೇಲೆ ತರಗೆಲೆ. ಒಂದೊಂದು ಮಟ್ಟದಲ್ಲೂ ಬೇರೆ ಬೇರೆ ಹಕ್ಕಿ. ಈ ಹಕ್ಕಿಗಳಿಂದ ಬೆಳೆಗೆ ಏನು ಪ್ರಯೋಜನವೆಂದು ಇಂಡೊನೇಷ್ಯಾದ ಸುಲಾವೆಸಿ ದ್ವೀಪದಲ್ಲಿ ಪರೀಕ್ಷೆ ಮಾಡಿದರು. ಕೆಲವು ಕೋಕೋ ಗಿಡಗಳಿಗೆ ಸುತ್ತಲೂ ಬಲೆ ಕಟ್ಟಿ, ಹಗಲು ಹಕ್ಕಿಯೂ ಇರುಳು ಬಾವಲಿಯೂ ಬರದ ಹಾಗೆ ತಡೆದರು. ಫಸಲು 31 ಪ್ರತಿಶತ ಇಳಿಯಿತು. ಬಲೆಯೊಳಗೆ ಇರುವೆ, ಜೇಡ ಹೆಚ್ಚಿದವು, ಅವೂ ಹುಳ ತಿಂದವು. ಆದರೂ ಹಕ್ಕಿ ಮತ್ತು ಬಾವಲಿ ಮಾಡುತ್ತಿದ್ದ ಕೆಲಸ ಅವುಗಳಿಂದ ತುಂಬಿ ಬರಲಿಲ್ಲ. 2013ರಲ್ಲಿ ಪ್ರಕಟವಾದ ಈ ಫಲಿತಾಂಶ ಬೆಳೆಗಾರರ ಮುಂದೆ ಹಕ್ಕಿಯ ಮಾತೆತ್ತುವವರಿಗೆಲ್ಲ ಬಲ ಕೊಟ್ಟಿದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆಫ್ರಿಕಾದ ಕ್ಯಾಮರೂನಿನಿಂದ 2021ರಲ್ಲಿ ಬಂದ ಇನ್ನೊಂದು ಅಧ್ಯಯನ. ಅಲ್ಲಿನ ಕೋಕೋ ತೋಟಗಳಲ್ಲಿ ಹಕ್ಕಿಗಳ ವೈವಿಧ್ಯಕ್ಕೆ ಕೊರತೆ ಇರಲಿಲ್ಲ. ಪಟ್ಟಿ ಉದ್ದವಾಗಿಯೇ ಇತ್ತು. ಆದರೆ ಕಾಡಿನಲ್ಲಿ ಹುಳ ಹಿಡಿಯುವುದರಲ್ಲೇ ಪಳಗಿದ, ಒಂದು ಬಗೆಯ ಬೇಟೆಯನ್ನೇ ನೆಚ್ಚಿಕೊಂಡ ಹಕ್ಕಿಗಳು ಆ ಪಟ್ಟಿಯಲ್ಲಿ ವಿರಳ. ಸಂಖ್ಯೆ ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಹೆಸರು ನೋಡಿದವರಿಗೆ ಮಾತ್ರ ಯಾರು ಹೋದರು ಎಂಬುದು ತಿಳಿಯುತ್ತದೆ. ಹಕ್ಕಿ ಲೆಕ್ಕದಲ್ಲಿ ನಾನು ಇದಕ್ಕಿಂತ ಮುಖ್ಯವಾದ ಪಾಠ ಬೇರೆ ಕಲಿತಿಲ್ಲ. ನಿಮ್ಮ ಸೀಮೆಗೂ ಇದೇ ಕಣ್ಣಿನಿಂದ ಬರಬೇಕು ಎಂದು ನನ್ನ ಆಸೆ.

ಅದಕ್ಕೂ ಮೊದಲು ಉತ್ತರ ಕನ್ನಡದ ಕಥೆ ಹೇಳಬೇಕು, ಅದು ನಿಮಗೆ ಗೊತ್ತಿರಬಹುದು. 2008ರಲ್ಲಿ ಜೈ ರಂಗನಾಥನ್, ರಂಜಿತ್ ಡೇನಿಯಲ್ಸ್, ಸುಭಾಷಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿನ ಅಡಿಕೆ ಸೀಮೆಯ ಹಕ್ಕಿಗಳ ಬಗ್ಗೆ ಬರೆದರು. ಎರಡು ಸಾವಿರ ವರ್ಷಗಳಿಂದ ಬೆಳೆಯುತ್ತ ಬಂದ ಆ ತೋಟಗಳ ನಾಡಿನಲ್ಲಿ, ಸುತ್ತಲಿನ ಕಾಡಿಗೆ ಸೇರಿದ ಹಕ್ಕಿ ಜಾತಿಗಳಲ್ಲಿ 90 ಪ್ರತಿಶತ ಉಳಿದುಕೊಂಡಿದ್ದವು. ಅಡಿಕೆ ಮರವೊಂದೇ ಇದನ್ನು ಮಾಡಿದ್ದಲ್ಲ. ತೋಟಕ್ಕೆ ಸೊಪ್ಪು, ತರಗೆಲೆ ಬೇಕು. ಅದಕ್ಕಾಗಿ ಪಕ್ಕದಲ್ಲಿ ಸೊಪ್ಪಿನ ಬೆಟ್ಟ ಬೇಕು. ಬೆಟ್ಟ ಇದ್ದುದರಿಂದ ಹಕ್ಕಿ ಇತ್ತು. ಬೆಳೆಗಾರನಿಗೆ ಮರದ ಅಗತ್ಯ ಇರುವ ತನಕ ಮರ ಉಳಿಯಿತು, ಮರದ ಜೊತೆ ಹಕ್ಕಿಯೂ ಉಳಿಯಿತು.

ಈಗ ನಿಮ್ಮೂರಿಗೆ ಬರೋಣ. ನಿಮ್ಮಲ್ಲಿ ಸೊಪ್ಪಿನ ಬೆಟ್ಟ ಇಲ್ಲ. ಆದರೆ ಬದು ಇದೆ. ಬದುವಿನ ಮೇಲೆ ಬೇವು, ಬನ್ನಿ, ಜಾಲಿ, ಬಾರಿ, ಅಲ್ಲೊಂದು ಹುಣಸೆ, ಬಾವಿಯ ಹತ್ತಿರ ಒಂದು ಮಾವು. ಬಯಲುಸೀಮೆಯ ಕೃಷಿ ಅರಣ್ಯ ಅಂದರೆ ಇದೇ. ಕೊಡಲಿಗೆ ಕಾವು, ನೇಗಿಲಿಗೆ ಈಸು, ಎತ್ತಿಗೆ ನೆರಳು, ಆಡಿಗೆ ಸೊಪ್ಪು, ದಸರೆಗೆ ಬನ್ನಿ ಎಲೆ: ಒಂದೊಂದು ಮರಕ್ಕೂ ಬದುವಿನ ಮೇಲೆ ನಿಲ್ಲಲು ಒಂದೊಂದು ಕಾರಣ ಇತ್ತು. ನೇಗಿಲು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಆ ಕಾರಣಗಳು ಒಂದೊಂದಾಗಿ ಕಳಚಿದವು. ಬದುವಿನ ಮರ ಈಗ ಕಬ್ಬಿಗೆ ನೆರಳಾಗುವ ಅಡ್ಡಿ, ಟ್ರೇಲರ್ ತಿರುಗಿಸಲು ಬಿಡದ ತೊಡಕು. ಹಕ್ಕಿ ಎಣಿಸಲು ಹೊರಟವರು ಮೊದಲು ಈ ಮರಗಳನ್ನು ಎಣಿಸಬೇಕು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಮುಂದಿನ ಲೆಕ್ಕಕ್ಕೆಲ್ಲ ಅದೇ ತಳಪಾಯ.

ನಿಮ್ಮ ಮೂರು ತಾಲ್ಲೂಕುಗಳು ಸಮೀಕ್ಷೆಗೆ ಹೇಳಿ ಮಾಡಿಸಿದ ಹಾಗಿವೆ. ಪಡುವಣಕ್ಕೆ ಹುಕ್ಕೇರಿ, ಸಹ್ಯಾದ್ರಿಯ ಮಗ್ಗುಲಿಗೆ ಹತ್ತಿರ, ಮಳೆ ತುಸು ಹೆಚ್ಚು. ಹಿರಣ್ಯಕೇಶಿ ಬಂದು ಘಟಪ್ರಭೆಯನ್ನು ಕೂಡುವ ಕಡೆ, ಹಿಡಕಲ್ ಜಲಾಶಯ, ಕವಿ ಕಂಬಾರರ ಊರಾದ ಘೋಡಗೇರಿ. ನಡುವೆ ಗೋಕಾಕ, ಸುಮಾರು 52 ಮೀಟರ್ ಧುಮುಕುವ ಜಲಪಾತ, ಕಲ್ಲುಬಂಡೆಯ ಗುಡ್ಡಗಳು, ಯೋಗಿಕೊಳ್ಳದ ಕುರುಚಲು. ಮೂಡಣಕ್ಕೆ ಮೂಡಲಗಿ, ಯಾದವಾಡದ ಕಡೆ ಹೋದಂತೆ ಎರೆ ಹೊಲ, ಒಣ ಗಾಳಿ. ಮಳೆ ಇಳಿಯುತ್ತ ಹೋಗುವ ಈ ದಾರಿಯುದ್ದಕ್ಕೂ ಒಂದೇ ರೀತಿಯಲ್ಲಿ ಎಣಿಸಿದರೆ, ಯಾವ ಹಕ್ಕಿ ಮಳೆಯನ್ನು ನಂಬಿದೆ, ಯಾವುದು ಮರವನ್ನು, ಯಾವುದು ಕಾಲುವೆಯ ನೀರನ್ನು ನಂಬಿದೆ ಎಂಬುದು ಬಿಡಿಬಿಡಿಯಾಗಿ ಕಾಣತೊಡಗುತ್ತದೆ.

ಕಾಲುವೆಯ ನೀರು ಅಂದೆ. ಧೂಪದಾಳದ ಒಡ್ಡಿನಿಂದ ಹೊರಡುವ ಎಡದಂಡೆ ಕಾಲುವೆ ಮತ್ತು 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಅಣೆಕಟ್ಟು ನಿಮ್ಮ ಸೀಮೆಯ ಬೆಳೆ ಬದಲಿಸಿದ ಹಾಗೆಯೇ ಹಕ್ಕಿಗಳನ್ನೂ ಬದಲಿಸಿವೆ. ಜೋಳ, ಕಡಲೆ, ಕುಸುಬೆ ಇದ್ದ ಕಡೆ ಕಬ್ಬು, ಗೋವಿನಜೋಳ, ಅರಿಶಿಣ. ನೀರು ನಿಂತು ಸವಳು-ಜವಳಾದ ಹೊಲಗಳೂ ಸಾಕಷ್ಟು. ಅಲ್ಲಿ ಬೆಳ್ಳಕ್ಕಿ, ಗೋವಕ್ಕಿ, ಟಿಟ್ಟಿಭ, ಸಿಪಿಲೆ, ಮೆಟ್ಟುಗಾಲು ಹಕ್ಕಿ ಸೇರುತ್ತವೆ. ಹೀಗಾಗಿ ನೀರಾವರಿಯ ಹೊಲದ ಪಟ್ಟಿ ಒಣ ಹೊಲದ ಪಟ್ಟಿಗಿಂತ ಉದ್ದವಾಗಿ ಬಂದರೂ ಆಶ್ಚರ್ಯ ಇಲ್ಲ. ಆ ಉದ್ದ ಪಟ್ಟಿಯಲ್ಲಿ ಬುರ್ಲಿ ಇದೆಯೇ, ಗೌಜಿಗ ಇದೆಯೇ, ನೆಲಗುಬ್ಬಿ ಇದೆಯೇ ನೋಡಿ. ಹೊಲದ ಮೇಲೆ ಕೆಳಕೆಳಗೆ ತೇಲುತ್ತ ಹೋಗುವ ಸೆಳೆವ ಚಳಿಗಾಲದಲ್ಲಿ ಇನ್ನೂ ಬರುತ್ತದೆಯೇ ನೋಡಿ. ಕ್ಯಾಮರೂನಿನಲ್ಲಿ ಅಧ್ಯಯನ ಮಾಡಿದವರು ತಮ್ಮ ಪಟ್ಟಿಯಲ್ಲಿ ಹುಡುಕಿದ್ದೂ ಇಂಥ ಹೆಸರುಗಳನ್ನೇ, ಒಂದು ಬಗೆಯ ನೆಲೆ ಅಥವಾ ಬೇಟೆ ಬಿಟ್ಟರೆ ಬೇರೆ ಗತಿ ಇಲ್ಲದ ಹಕ್ಕಿಗಳನ್ನು.

ನೀಲಕಂಠದ ಬಗ್ಗೆ ಎರಡು ಮಾತು ಹೆಚ್ಚು ಬರೆಯುತ್ತೇನೆ. ಅದು ನಮ್ಮ ರಾಜ್ಯಪಕ್ಷಿ. ಬದುವಿನ ಬನ್ನಿಯ ಒಣಗಿದ ತುದಿಯ ಮೇಲೋ ಕರೆಂಟಿನ ತಂತಿಯ ಮೇಲೋ ಕುಳಿತು, ನೆಲದ ಮೇಲೆ ಮಿಡತೆಯೋ ಜೀರುಂಡೆಯೋ ಕದಲಿದರೆ ಇಳಿದು ಹಿಡಿಯುವುದು ಅದರ ಕಸುಬು. ಅದಕ್ಕೆ ಎರಡು ಬೇಕು: ಕೂರಲು ಒಂದು ಎತ್ತರ, ನೋಡಲು ತೆರೆದ ನೆಲ. ಆಳೆತ್ತರ ಮೀರಿ ಬೆಳೆದ ಕಬ್ಬಿನಲ್ಲಿ ನೆಲವೇ ಕಾಣುವುದಿಲ್ಲ. ಗೂಡಿಗೆ ಮುದಿ ಮರದ ಪೊಟರೆ ಬೇಕು, ಅದೂ ಕಡಿಮೆಯಾಗುತ್ತಿದೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ದೇಶದ 942 ಜಾತಿಗಳನ್ನು ಪರಿಶೀಲಿಸಿ 178 ಜಾತಿಗಳಿಗೆ ತುರ್ತು ಗಮನ ಬೇಕೆಂದು ಹೇಳಿತು. ಎಲ್ಲೆಲ್ಲೂ ಕಾಣುವ ಹಕ್ಕಿ ಎಂದು ನಾವು ನಂಬಿದ್ದ ನೀಲಕಂಠದ ಸಂಖ್ಯೆ ತೀವ್ರವಾಗಿ ಕುಸಿದಿದೆ, ಅದರ ಸ್ಥಾನಮಾನವನ್ನು ಮತ್ತೆ ಪರಿಶೀಲಿಸಬೇಕು ಎಂದಿತು. ಈ ವರದಿಯ ಆಧಾರ ನಿಮ್ಮಂಥ ಸುಮಾರು 30,000 ಹವ್ಯಾಸಿಗಳು ಬರೆದಿಟ್ಟ ಪಟ್ಟಿಗಳು. ಯಾರೂ ಬರೆಯದ ತಾಲ್ಲೂಕಿನ ನೀಲಕಂಠ ಆ ಲೆಕ್ಕಕ್ಕೆ ಸೇರುವುದೇ ಇಲ್ಲ.

ಈಗ ಎಣಿಸುವ ಬಗೆ. ಕೋಕೋ ತೋಟದಲ್ಲಿ ಇರುವ ಕಷ್ಟವೇ ಕಬ್ಬಿನಲ್ಲೂ ಇದೆ, ಕಣ್ಣು ದೂರ ಹೋಗುವುದಿಲ್ಲ. ಆದ್ದರಿಂದ ಗೊತ್ತುಪಡಿಸಿದ ಜಾಗಗಳಲ್ಲಿ ನಿಂತು ಎಣಿಸುವ ಪದ್ಧತಿ ನಿಮಗೆ ಒಗ್ಗುತ್ತದೆ. ಬದುವಿನ ಮೇಲೆ ಒಂದು ಜಾಗ ಆರಿಸಿಕೊಳ್ಳಿ. ಮುಂದಿನ ಜಾಗ ಕನಿಷ್ಠ 200 ಮೀಟರ್ ದೂರ ಇರಲಿ, ಇಲ್ಲದಿದ್ದರೆ ಅದೇ ಕೆಂಬೂತ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ. ಹೊತ್ತು ಮೂಡುವಾಗ ಹೋಗಿ ನಿಲ್ಲಿ. ನಿಮ್ಮ ಹೆಜ್ಜೆ ಸಪ್ಪಳಕ್ಕೆ ಬೆದರಿದ್ದು ಶಾಂತವಾಗಲೆಂದು ಎರಡು ನಿಮಿಷ ಸುಮ್ಮನಿದ್ದು, ಆಮೇಲೆ 10 ನಿಮಿಷ ಕಂಡದ್ದು, ಕೇಳಿದ್ದು ಎಲ್ಲ ಬರೆಯಿರಿ. 50 ಮೀಟರಿನ ಒಳಗೆ ಇದ್ದದ್ದು ಒಂದು ಕಡೆ, ಆಚೆ ಇದ್ದದ್ದು ಇನ್ನೊಂದು ಕಡೆ. ಸುಮ್ಮನೆ ಮೇಲೆ ಹಾರಿ ಹೋದದ್ದನ್ನು ಬೇರೆ ಬರೆಯಿರಿ. ಹೊಲದ ಮೇಲೆ ಹಾದುಹೋಗುವ ಕೊಕ್ಕರೆ ಸಾಲು ಆ ಹೊಲದ ಹಕ್ಕಿ ಅಲ್ಲ. ಗಾಳಿ ಜೋರಿದ್ದಾಗ, ಮಳೆ ಹನಿಯುವಾಗ ಬೇಡ.

ಕಿವಿಯನ್ನು ಪಳಗಿಸಿಕೊಳ್ಳುವುದು ಇಲ್ಲಿ ಕಣ್ಣಿಗಿಂತ ಹೆಚ್ಚು ಮುಖ್ಯ. ಕಬ್ಬಿನೊಳಗಿನ ಉಲಿಯಕ್ಕಿ, ಸಿಂಪಿಗ, ಚಳಿಗಾಲಕ್ಕೆ ಬರುವ ಸಣ್ಣ ಕಂದುಬಣ್ಣದ ಎಲೆಹಕ್ಕಿಗಳು ಮೈ ತೋರಿಸುವುದು ಅಪರೂಪ, ದನಿ ಮಾತ್ರ ಬಿಡದೆ ಬರುತ್ತಿರುತ್ತದೆ. ಮೊಬೈಲಿನಲ್ಲಿ ದನಿ ಮುದ್ರಿಸಿಕೊಂಡು ಆಮೇಲೆ ಬಲ್ಲವರಿಗೆ ಕೇಳಿಸಬಹುದು. ಆದರೆ ಮೊಬೈಲಿನಿಂದ ಹಕ್ಕಿಯ ದನಿ ಹಾಕಿ ಅದನ್ನು ಹೊರಗೆ ಕರೆಯುವುದು ಬೇಡ. ಗೂಡು ಕಾಯುವ ಹಕ್ಕಿಗೆ ಅದರಿಂದ ತೊಂದರೆ, ಲೆಕ್ಕವೂ ಕೆಡುತ್ತದೆ.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು, ಅದಕ್ಕೆ ಕಾರಣ ಇದೆ. ಒಂದು ಜಾಗದಲ್ಲಿ ಬುರ್ಲಿ ಇದ್ದೇ ಇದೆ ಅಂದುಕೊಳ್ಳಿ. ಆದರೆ ಒಂದು ಸಲ ಹೋದಾಗ ಅದು ಕಾಣುವ ಅಥವಾ ಕೇಳುವ ಸಾಧ್ಯತೆ ಅರ್ಧಕ್ಕೆ ಅರ್ಧ. ಒಮ್ಮೆ ಮಾತ್ರ ಹೋದವರು ಅರ್ಧ ಸಲ ಅದನ್ನು ಇಲ್ಲ ಎಂದು ಬರೆಯುತ್ತಾರೆ. ನಾಲ್ಕು ಸಲ ಹೋದರೆ, ನಾಲ್ಕು ಸಲವೂ ತಪ್ಪಿಹೋಗುವ ಸಾಧ್ಯತೆ 16ರಲ್ಲಿ 1ಕ್ಕೆ ಇಳಿಯುತ್ತದೆ. ಆಮೇಲೆ ನೀವು 'ಇಲ್ಲ' ಎಂದರೆ ಆ ಮಾತಿಗೆ ತೂಕ ಬರುತ್ತದೆ. ಅದಕ್ಕೇ ಕಾಣದೆ ಹೋದ ದಿನದ ಹಾಳೆಯನ್ನೂ ಎಸೆಯಬೇಡಿ. ಸೊನ್ನೆ ಬರೆದ ಹಾಳೆಯಿಲ್ಲದೆ ಯಾವ ಹಕ್ಕಿ ಎಲ್ಲಿಂದ ಹೋಯಿತು ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಪ್ರತಿ ಹಾಳೆಯ ಮೇಲೂ ಬೆಳೆಯ ವಯಸ್ಸು ಬರೆಯುವುದು ನಿಮ್ಮ ಸೀಮೆಗೆ ಕಡ್ಡಾಯ. ಕೋಕೋ ತೋಟ ವರ್ಷವಿಡೀ ತೋಟವಾಗಿಯೇ ಇರುತ್ತದೆ. ಕಬ್ಬಿನ ಹೊಲ ಒಂದೇ ವರ್ಷದಲ್ಲಿ ಹಲವು ಹೊಲಗಳಾಗುತ್ತದೆ. ಬೀಜ ನಾಟಿ ನೀರು ಹಾಯಿಸಿದಾಗ ಅದು ಸಿಪಿಲೆ, ಬೆಳ್ಳಕ್ಕಿಗಳ ನೆಲ. ಮೊಣಕಾಲುದ್ದ ಬೆಳೆದಾಗ ಉಲಿಯಕ್ಕಿ, ಚಟಕ. ಆಳು ಮುಳುಗುವಷ್ಟಾದಾಗ ಕೆಂಬೂತ, ರಾಟವಾಳ, ಗೀಜಗ. ಸಂಜೆಯಾದರೆ ಕವಲುತೋಕೆಗಳು ಗುಂಪುಗುಂಪಾಗಿ ರಾತ್ರಿ ವಸತಿಗೆ ಇಳಿಯುವುದೂ ಉಂಟು. ಕಡಿಯುವ ಗ್ಯಾಂಗ್ ಬಂದ ದಿನ ಎಲ್ಲ ತಿರುಗಾಮುರುಗಾ. ಒಳಗಿದ್ದ ಹುಳ, ಇಲಿ, ಕಪ್ಪೆ ಬಯಲಿಗೆ ಬೀಳುತ್ತವೆ, ಗೋವಕ್ಕಿ, ಕಾಜಾಣ, ಮೈನಾ, ಹದ್ದು ಮುತ್ತಿಕೊಳ್ಳುತ್ತವೆ. ಅವತ್ತು ಎಣಿಸಿದವರಿಗೆ ಹಕ್ಕಿಗೆ ಕಬ್ಬಿನಷ್ಟು ಒಳ್ಳೆಯ ಬೆಳೆ ಇಲ್ಲ ಅನ್ನಿಸಬಹುದು. ಮರುವಾರ ರವದಿಗೆ, ಅಂದರೆ ಕಡಿದು ಉಳಿದ ಒಣ ಗರಿಗೆ, ಬೆಂಕಿ ಹಚ್ಚಿದ ಮೇಲೆ ಎಣಿಸಿದವರಿಗೆ ಅದೇ ಹೊಲ ಬರಿದು. ರವದಿ ಸುಡುವ ಹೊಲ, ಪುಡಿಮಾಡಿ ಮಣ್ಣಿಗೆ ಮುಚ್ಚಿಗೆ ಮಾಡುವ ಹೊಲ ಎರಡೂ ನಿಮ್ಮೂರಲ್ಲಿ ಅಕ್ಕಪಕ್ಕ ಇದ್ದರೆ, ಎರಡರಲ್ಲೂ ಒಂದೇ ಬಗೆಯಲ್ಲಿ ಎಣಿಸಿ. ಇಡೀ ಸಮೀಕ್ಷೆಯಲ್ಲಿ ರೈತರಿಗೆ ನೇರವಾಗಿ ತೋರಿಸಬಹುದಾದ ಹೋಲಿಕೆ ಇದೇ ಆಗಬಹುದು ಎಂದು ನನಗೆ ಅನ್ನಿಸುತ್ತದೆ.

ಇನ್ನು ನನಗೆ ಬಹಳ ಪ್ರೀತಿಯ ವಿಷಯ. ನಿಮ್ಮ ಕಡೆ ಹಕ್ಕಿ ಸಮೀಕ್ಷೆ ಹೊಸದಲ್ಲ. ಹಿಂಗಾರಿ ಬಿಳಿಜೋಳ ಹಾಲುಗಾಳಾಗುವ ಹೊತ್ತಿಗೆ ಹೊಲದ ನಡುವೆ ಅಟ್ಟ ಕಟ್ಟಿ, ಕೈಯಲ್ಲಿ ಕವಣೆ ಹಿಡಿದು, ಬೆಳಗ್ಗಿನಿಂದ ಸಂಜೆವರೆಗೆ ಹಕ್ಕಿ ಕಾದವರು ನಿಮ್ಮ ಮನೆಗಳಲ್ಲೇ ಇದ್ದಾರೆ. ಹೆಚ್ಚಾಗಿ ಹೆಣ್ಣುಮಕ್ಕಳು, ಶಾಲೆ ಬಿಟ್ಟ ಹುಡುಗರು, ವಯಸ್ಸಾದವರು. ಯಾವ ಹೊತ್ತಿಗೆ ಯಾವ ದಿಕ್ಕಿನಿಂದ ಯಾವ ಹಿಂಡು ಬರುತ್ತದೆ, ಗಿಳಿ ತೆನೆಯನ್ನು ಹೇಗೆ ಕತ್ತರಿಸುತ್ತದೆ, ಗುಬ್ಬಿ ಹೇಗೆ ಹಿಂಡುತ್ತದೆ, ಯಾವ ಮರದ ಮೇಲೆ ಮೊದಲು ಕುಳಿತು ಆಮೇಲೆ ಹೊಲಕ್ಕೆ ಇಳಿಯುತ್ತವೆ ಎಂಬುದು ಅವರಿಗೆ ಕರಗತ. ಮಧ್ಯ ಏಷ್ಯಾದಿಂದ ಚಳಿಗಾಲ ಕಳೆಯಲು ಬರುವ ಗುಲಾಬಿ ಕಬ್ಬಕ್ಕಿಯ ಹಿಂಡು ಜೋಳದ ಮೇಲೆ ಎರಗುವುದನ್ನು ಅವರಷ್ಟು ಹತ್ತಿರದಿಂದ ಕಂಡವರಿಲ್ಲ. ಅದೇ ಹಕ್ಕಿ ಮಿಡತೆಯನ್ನೂ ಹಿಂಡುಗಟ್ಟಲೆ ತಿನ್ನುತ್ತದೆ. ಈಗ ಜೋಳ ಕಡಿಮೆಯಾದಂತೆ ಅಟ್ಟವೂ ಹೋಯಿತು, ಕವಣೆ ಮೊಳೆಗೆ ತೂಗಿದೆ. ಅಟ್ಟದ ಮೇಲೆ ಕುಳಿತವರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರ ನೆನಪನ್ನು ಬರೆದುಕೊಳ್ಳಲು ಹೆಚ್ಚು ಕಾಲ ಇಲ್ಲ.

ಆದ್ದರಿಂದ ಒಂದು ನೋಟ್‌ಬುಕ್ ಇದಕ್ಕೇ ಇಡಿ. ನಿಮ್ಮ ಅವ್ವನನ್ನು, ಆಯಿಯನ್ನು, ಓಣಿಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. "ಸೀತನಿ ತಿನ್ನೋ ಕಾಲಕ್ಕ ಯಾವ್ಯಾವ ಹಕ್ಕಿ ಬರ್ತಿದ್ವು? ಈಗ ಯಾವುದು ಬರೂದಿಲ್ಲ?" ಹೆಸರು ಅವರದೇ ಇರಲಿ, ಪುಸ್ತಕದ ಹೆಸರಿಗೆ ತಿದ್ದಬೇಡಿ, ಚಿತ್ರ ತೋರಿಸಿ ಯಾವುದೆಂದು ಗುರುತು ಹಾಕಿಕೊಳ್ಳಿ. ಕುರಿ ಕಾಯುವವರನ್ನು ಬಿಡಬೇಡಿ. ಗಾಯರಾಣದಲ್ಲಿ (ಊರ ಗೋಮಾಳದಲ್ಲಿ), ಮಡ್ಡಿಯಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ವಿಷಯ ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿದಿರುವುದಿಲ್ಲ. ಹಾಲಕ್ಕಿಯ ಶಕುನ ಹೇಳುತ್ತ ಬರುವವರು ಎದುರಾದರೆ ಅವರನ್ನೂ ಮಾತಾಡಿಸಿ. ಇಂದಿನ ಎಣಿಕೆ ಇಂದಿನದನ್ನಷ್ಟೇ ಹೇಳುತ್ತದೆ. ನಲವತ್ತು, ಐವತ್ತು ವರ್ಷದ ಹಿಂದೆ ನಿಮ್ಮ ಹೊಲದಲ್ಲಿ ಯಾರಿದ್ದರು ಎಂಬುದಕ್ಕೆ ಆ ಜನರ ನೆನಪೇ ಗತಿ. ಯಾವ ವಿಶ್ವವಿದ್ಯಾಲಯದ ಕಪಾಟಿನಲ್ಲೂ ಅದು ಸಿಗುವುದಿಲ್ಲ.

ಧೂಪದಾಳದ ನೀರುಹಕ್ಕಿಗಳ ವಿಷಯ ಹೆಚ್ಚು ಬರೆಯುವುದಿಲ್ಲ, ಅದು ನಿಮಗೆ ಗೊತ್ತಿದ್ದದ್ದೇ. 1974ರಲ್ಲಿ ಘೋಷಣೆಯಾದ ಅಲ್ಲಿನ ಘಟಪ್ರಭಾ ಪಕ್ಷಿಧಾಮ ಸುಮಾರು 30 ಚದರ ಕಿಲೋಮೀಟರ್ ವಿಸ್ತಾರದ್ದು, ಚಳಿಗಾಲದಲ್ಲಿ ದೂರದಿಂದ ಬರುವ ಡೆಮೊಯ್ಸೆಲ್ ಕ್ರೇನ್ ಎಂಬ ಬೂದುಬಣ್ಣದ ಪುಟ್ಟ ಕ್ರೌಂಚಗಳಿಗೆ ಹೆಸರಾದದ್ದು. ಜನವರಿಯಲ್ಲಿ ಏಷ್ಯಾದಾದ್ಯಂತ ನಡೆಯುವ ನೀರುಹಕ್ಕಿ ಗಣತಿಯ ಹೊತ್ತಿಗೆ ಅಲ್ಲಿ ಕೈ ಜೋಡಿಸಬಹುದು. ನಾನು ಹೇಳಬೇಕೆಂದಿರುವುದು ಒಂದೇ: ಆ ಕ್ರೌಂಚಗಳು ರಾತ್ರಿ ನೀರಿನಲ್ಲಿ ನಿಂತರೂ ಹೊಟ್ಟೆ ತುಂಬಿಸಿಕೊಳ್ಳುವುದು ಸುತ್ತಲಿನ ಹೊಲಗಳಲ್ಲಿ. ಪಕ್ಷಿಧಾಮದ ಗಡಿಯೊಳಗೆ ಎಷ್ಟು ಚೆನ್ನಾಗಿ ಕಾದರೂ, ಮುಂಜಾನೆ ಎದ್ದು ಅವು ಯಾರ ಹೊಲಕ್ಕೆ ಹೋಗುತ್ತವೆ ಎಂದು ತಿಳಿಯದಿದ್ದರೆ ಅರ್ಧ ಕಥೆ ಮಾತ್ರ ತಿಳಿದಂತೆ. ಅದನ್ನು ಹೇಳಬಲ್ಲವರು ಆ ಹೊಲದವರು.

ಇದನ್ನು ಒಬ್ಬರೇ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಕೇರಳದವರು 2015ರಿಂದ 2020ರ ತನಕ ಸಾವಿರಕ್ಕೂ ಹೆಚ್ಚು ಮಂದಿ ಸೇರಿ, ಇಡೀ ರಾಜ್ಯವನ್ನು ಚೌಕಗಳಾಗಿ ವಿಂಗಡಿಸಿ, ಮಳೆಗಾಲ ಬೇಸಗೆ ಎರಡರಲ್ಲೂ ಎಣಿಸಿ, 361 ಜಾತಿಗಳ ನಕ್ಷೆ ತಯಾರಿಸಿದರು. ಮೈಸೂರಿನ ಹಕ್ಕಿಪ್ರಿಯರು ಅದಕ್ಕೂ ಸ್ವಲ್ಪ ಮುಂಚೆ ತಮ್ಮ ನಗರಕ್ಕೆ ಅಂಥದೇ ನಕ್ಷೆ ಕೈಗೆತ್ತಿಕೊಂಡಿದ್ದರು. ಅರಭಾವಿಯ ತೋಟಗಾರಿಕೆ ಕಾಲೇಜು ನಿಮ್ಮ ನಡುವೆಯೇ ಇದೆ. ವಿದ್ಯಾರ್ಥಿಗಳಿಗೆ ಹೊಲಗಳ ಪರಿಚಯ ಇದೆ, ಬೆಳೆಯ ಹುಳಗಳ ಪರಿಚಯ ಇದೆ. ಕೀಟಶಾಸ್ತ್ರ ಓದುವ ಹುಡುಗ ಹುಡುಗಿಯರು ಯಾವ ಹಕ್ಕಿ ಯಾವ ಹುಳ ಹಿಡಿಯಿತೆಂದು ನಿಮ್ಮ ಜೊತೆ ನಿಂತು ನೋಡಿದರೆ, ಸುಲಾವೆಸಿಯಲ್ಲಿ ಕೇಳಿದ ಪ್ರಶ್ನೆಯನ್ನು ಘಟಪ್ರಭೆಯ ದಂಡೆಯಲ್ಲಿ ಅರಿಶಿಣಕ್ಕೋ ಗೋವಿನಜೋಳಕ್ಕೋ ಕೇಳಬಹುದು. ಸೈನಿಕ ಹುಳು ಬಿದ್ದ ಗೋವಿನಜೋಳದಲ್ಲಿ ಬದುವಿನ ಮರಕ್ಕೆ ಹತ್ತಿರದ ಸಾಲು, ದೂರದ ಸಾಲು ಎರಡನ್ನೂ ನೋಡಿ ಬಂದರೂ ಅದೊಂದು ಒಳ್ಳೆಯ ಆರಂಭ.

ನೀವು ಈ ಕೆಲಸಕ್ಕೆ ಇಳಿಯುವುದಾದರೆ ನನ್ನ ಸಲಹೆ ಇಷ್ಟು. ಮೂರು ತಾಲ್ಲೂಕಿನಲ್ಲೂ ಎರಡೆರಡು ಊರು ಆರಿಸಿ. ಪ್ರತಿ ಊರಲ್ಲಿ ಬದುವಿನ ಮೇಲೆ ಮರ ಉಳಿದಿರುವ ಹೊಲ, ಮರವಿಲ್ಲದ ಹೊಲ, ಆಗುವುದಾದರೆ ಒಂದು ಮಳೆಯಾಶ್ರಿತ ಹೊಲ ಅಥವಾ ಗಾಯರಾಣ ಇರಲಿ. ಹೊಲದವರಿಗೆ ಮೊದಲೇ ಹೇಳಿ, ಅವರನ್ನೇ ಜೊತೆಗೆ ಕರೆದುಕೊಳ್ಳಿ. ಕಬ್ಬಿನೊಳಗೆ ನುಗ್ಗಬೇಡಿ, ಹಾವು ಹಂದಿಗಳ ಭಯ ಇದೆ, ಬದುವಿನಿಂದಲೇ ಸಾಕು. ಮರಗಳ ಪಟ್ಟಿ ಮೊದಲು, ಹಕ್ಕಿಗಳ ಪಟ್ಟಿ ಆಮೇಲೆ. ಹಿರಿಯರ ನೆನಪಿನ ನೋಟ್‌ಬುಕ್ ಇಂದೇ ಶುರುವಾಗಲಿ, ಅದಕ್ಕೆ ಋತು ಕಾಯಬೇಕಿಲ್ಲ.

ನಾನು ಒಂದು ಖಾಲಿ ನಮೂನೆ ಸಿದ್ಧಮಾಡಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಬೆಳೆಯ ವಯಸ್ಸಿಗೆ, ರವದಿಗೆ, ನೀರು ಬಿಟ್ಟ ದಿನಕ್ಕೆ ಬೇರೆ ಬೇರೆ ಮನೆ ಇದೆ. ಇನ್ನೇನು ಸೇರಿಸಬೇಕೆಂದು ನಿಮಗೆ ಅನ್ನಿಸಿದರೆ ತಿದ್ದಿ ಕಳಿಸಿ, ನಿಮ್ಮ ಹೊಲದ ವಿಷಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನಿಮ್ಮ ಗೆಳೆಯ

ಮತ್ತೆ: ಫೆಬ್ರುವರಿಯಲ್ಲಿ ದೇಶದಾದ್ಯಂತ ನಾಲ್ಕು ದಿನ ಹಿತ್ತಿಲ ಹಕ್ಕಿ ಎಣಿಕೆ ನಡೆಯುತ್ತದೆ. ಆ ಹೊತ್ತಿಗೆ ನಿಮ್ಮ ಕಡೆ ಕಬ್ಬು ಕಡಿಯುವುದು ಮುಗಿಯುತ್ತ ಬಂದಿರುತ್ತದೆ, ಅಲ್ಲಲ್ಲಿ ಹಿಂಗಾರಿ ಜೋಳವೂ ನಿಂತಿರುತ್ತದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಲು ಅದು ಸರಿಯಾದ ಕಾಲ. ಊರಲ್ಲಿ ಯಾರಾದರೂ ಇನ್ನೂ ಅಟ್ಟ ಕಟ್ಟುತ್ತಿದ್ದರೆ ಮಕ್ಕಳನ್ನು ಮೊದಲು ಅಲ್ಲಿಗೇ ಕಳಿಸಿ.